ಆಕ್ಸಲ್ ಮುರಿದಿಲ್ಲ ಎಂಬ ಬಗ್ಗೆ ಹೇಳಿಕೆ

ನಾನು, ಊರವರ ಬಾಯಲ್ಲಿ ‘ಸ್ಪ್ಯಾನರ್ ಮಾವ’, ವಯಸ್ಸು ಐವತ್ನಾಲ್ಕು, ಕಸುಬು ಜೀಪ್ ರಿಪೇರಿ, ವಾಸ ಈ ಠಾಣೆಯ ಪಕ್ಕದ ಗ್ಯಾರೇಜಿನ ಹಿಂದಿನ ಎರಡು ಕೋಣೆ, ಇಂದು ಠಾಣೆಗೆ ಹಾಜರಾಗಿ ಬರೆಸುವುದೇನೆಂದರೆ:

ನನ್ನ ಹೆಂಡತಿಯ ತಮ್ಮ ಕಲ್ಲುದಾರಿಯಲ್ಲಿ ಓಡಿಸುವ ಹುಚ್ಚಿಗೆ ತನ್ನ ಜೀಪನ್ನು ಆರು ಇಂಚು ಎತ್ತರಿಸಿ, ಟ್ರ್ಯಾಕ್ಟರಿಗೆ ಹಾಕುವಂಥ ಟೈರು ಹಾಕಿಸಿದ್ದಾನೆ. ಎತ್ತರಿಸಿದವನು ನಾನಲ್ಲ. ಗಾಡಿ ಎತ್ತರವಾದರೆ ಇಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಶಾಫ್ಟು ಓರೆಯಾಗುತ್ತದೆ, ಟೈರು ದೊಡ್ಡದಾದರೆ ಚಕ್ರ ತಿರುಗಿಸುವ ಆಕ್ಸಲ್ ತಡೆಯುವುದಿಲ್ಲ. ಮೂರು ತಿಂಗಳಲ್ಲಿ ನಾನು ಹಾಕಿದ ಮೂರು ಆಕ್ಸಲ್ ತುಂಡಾದವು. ಮೂರನೆಯ ಸಲ ಅವನು ನಾಲ್ಕು ಜನರ ಮುಂದೆ, “ಭಾವ ಹಾಕೋ ಆಕ್ಸಲ್‌ಗಿಂತ ಅಕ್ಕನ ಲಟ್ಟಣಿಗೆನೇ ಗಟ್ಟಿ” ಎಂದ. ನನಗೆ ಎರಡು ದಿನ ಊಟ ಸೇರಲಿಲ್ಲ.

ನಂತರ ಹದಿನೆಂಟು ದಿನ ಕೂತು ದಪ್ಪ ಆಕ್ಸಲ್, ಉದ್ದನೆಯ ಹೊಸ ಶಾಫ್ಟು, ಅದಕ್ಕೆ ದೊಡ್ಡ ಜಾಯಿಂಟು ಹಾಕಿದೆ. ಈ ಸಲ ಮುರಿದರೆ ಗ್ಯಾರೇಜು ಮುಚ್ಚುವುದಾಗಿ ಅದೇ ನಾಲ್ಕು ಜನರ ಮುಂದೆ ಹೇಳಿದೆ.

ಕೆಲಸ ಮುಗಿದ ಗಾಡಿಯನ್ನು ಅಲುಗದ ವಸ್ತುವಿಗೆ ಸರಪಳಿ ಕಟ್ಟಿ, ಹತ್ತು ಎಣಿಸುವವರೆಗೆ ಎಳೆಸಿ ನೋಡದೆ ನಾನು ಕೊಡುವುದಿಲ್ಲ. ಅಲುಗದ ವಸ್ತು ಎಂದರೆ ಠಾಣೆಯವರು ಹನ್ನೊಂದು ವರ್ಷದ ಹಿಂದೆ ಜಪ್ತಿ ಮಾಡಿ ಕಾಂಪೌಂಡ್ ಗೋಡೆಯ ಹೊರಗೆ ನಿಲ್ಲಿಸಿದ ಲಾರಿ. ಇದು ಪೇದೆಗಳಿಗೆಲ್ಲ ಗೊತ್ತು. ಹತ್ತು ಎಣಿಸುವವರೂ ಅವರಲ್ಲೇ ಒಬ್ಬರು.

ಇಂದು ಬೆಳಿಗ್ಗೆ 10.20ಕ್ಕೆ ಸರಪಳಿ ಬಿಗಿದೆವು. 10.25ಕ್ಕೆ ಭಾವಮೈದ ಕ್ಲಚ್ ಬಿಟ್ಟ. ಪೇದೆ ಆರು ಎನ್ನುವಷ್ಟರಲ್ಲಿ ಲಾರಿ ಹೊರಟಿತು. ಹದಿನಾಲ್ಕು ಅಡಿ ಹೋಯಿತು. ಗೋಡೆ ಇಷ್ಟು ವರ್ಷ ಲಾರಿಗೆ ಒರಗಿ ನಿಂತಿತ್ತು ಎಂಬುದು ಆಗ ಎಲ್ಲರಿಗೂ ತಿಳಿಯಿತು. ಇಪ್ಪತ್ತೆರಡು ಅಡಿ ಗೋಡೆ ಮಲಗಿತು. ಯಾರಿಗೂ ಏಟಾಗಿಲ್ಲ. ಗೋಡೆಯಾಚೆ ನಲ್ಲಿಯ ಹತ್ತಿರ ಗಡ್ಡ ಬೋಳಿಸುತ್ತಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಅರ್ಧ ನೊರೆಯಲ್ಲೇ ಇಡೀ ಬೀದಿಗೆ ಕಾಣಿಸಿದರು.

ನಾನು ಮೊದಲು ಜೀಪಿನ ಕೆಳಗೆ ತೂರಿದೆ. ಎಲ್ಲವೂ ನೆಟ್ಟಗಿತ್ತು. ನನಗೆ ಬಹಳ ಸಂತೋಷವಾಯಿತು. ಗೋಡೆಯ ಬಗ್ಗೆ ಬೇಸರ ಆಮೇಲೆ ಆಯಿತು.

ಸಾಹೇಬರು ಒಳ್ಳೆಯವರು. ಆಕ್ಸಲ್ ತುಂಡಾಗಿ ಗಾಡಿ ಹಿಡಿತ ತಪ್ಪಿತು ಎಂದು ಬರೆಸಿದರೆ ಆಕಸ್ಮಿಕವೆಂದು ಮುಗಿಸುವುದಾಗಿಯೂ, ಇಲ್ಲವಾದರೆ ಜಪ್ತಿ ಮಾಲು ಎಳೆದೊಯ್ದ ಕೇಸು ಹಾಕದೆ ವಿಧಿಯಿಲ್ಲವೆಂದೂ ಹೇಳಿದರು. ಬೆಂಚಿನ ಮೇಲಿದ್ದ ಹೆಂಡತಿ, “ಹೂಂ ಅಂದ್ಬಿಡಿ, ಮನೆಗೆ ಹೋಗೋಣ” ಎಂದಳು. ಭಾವಮೈದ ಕೈಮುಗಿದು, “ಮುರೀತು ಅನ್ನಿ ಭಾವ, ನಿಮ್ಮ ದಮ್ಮಯ್ಯ. ಯಾರೂ ಆಡ್ಕೊಳ್ಳಲ್ಲ” ಎಂದ. ಆಡಿಕೊಳ್ಳುತ್ತಾರೆ. ಮೊದಲು ಶುರು ಮಾಡುವವನೇ ಅವನು.

ನನಗೆ ಲಾಕಪ್ಪಿನ ಭಯ ಇಲ್ಲವೆಂದಲ್ಲ. ಆದರೂ ಬರೆಯುತ್ತಿದ್ದ ಪೇದೆ ಆಗಲೇ ಬರೆದುಬಿಟ್ಟಿದ್ದ ‘ಆಕ್ಸಲ್ ತುಂಡಾಗಿ’ ಎಂಬ ಸಾಲನ್ನು ಹೇಳಿ ಹೊಡೆದುಹಾಕಿಸಿದ್ದೇನೆ. ಲಾರಿ ಎಳೆದದ್ದು ನಿಜ. ಗೋಡೆ ಬಿದ್ದದ್ದು ನಿಜ. ಆಕ್ಸಲ್ ಮುರಿದಿಲ್ಲ.

ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ. ಇದರ ಒಂದು ನಕಲನ್ನು ಠಾಣೆಯ ಮೊಹರು ಹಾಕಿ ಕೊಡಬೇಕೆಂದು ಕೋರುತ್ತೇನೆ. ಗ್ಯಾರೇಜಿನಲ್ಲಿ, ಬರುವವರಿಗೆ ಕಾಣುವ ಹಾಗೆ ತೂಗುಹಾಕಬೇಕಾಗಿದೆ.

ಸ್ಥಳ: ಠಾಣೆಯ ಅಂಗಳ, ಗೋಡೆ ಇದ್ದ ಕಡೆ
ದಿನಾಂಕ: ಇಂದು, ಮಧ್ಯಾಹ್ನ 12.40
ಸಹಿ (ಗ್ರೀಸ್ ಮೆತ್ತಿದೆ, ಆದರೆ ನನ್ನದೇ)