ಮುಗಿಯಿತು ಎಂದು ಹೇಳುವ ತನಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಈ ಕಟ್ಟಡದ ಎಲ್ಲ ಮಹಡಿಗಳಿಂದ ಇಳಿದು ಬಂದಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮುಂದಿನ ಸಾಲಿನಲ್ಲಿ ಕಾಲಾಡಿಸುತ್ತ ಕುಳಿತಿರುವ ಮಕ್ಕಳೇ, ಒಟ್ಟಾರೆ ಸಭಿಕರೇ,

ಬೀಳ್ಕೊಡುಗೆ ಸಮಾರಂಭದಲ್ಲಿ ಒಂದು ಅನುಕೂಲವಿದೆ. ಮನುಷ್ಯ ಬದುಕಿರುವಾಗಲೇ ತನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಬಹುದು. ಅಧ್ಯಕ್ಷರು ಈಗತಾನೇ ನನ್ನನ್ನು ಈ ಕಟ್ಟಡದ ಕಾವಲುಗಾರ ಎಂದು ಬಾಯಿತುಂಬ ಹೊಗಳಿದರು. ಮೆಟ್ಟಿಲ ಕೆಳಗೆ ಅವರು ತುರುಕಿಟ್ಟಿದ್ದ ಹಳೆಯ ಸೋಫಾವನ್ನು ನಾನು ತೆಗೆಸಿದ ದಿನ ಇದೇ ಅಧ್ಯಕ್ಷರು ನನ್ನನ್ನು ಏನೆಂದು ಕರೆದಿದ್ದರು ಎಂಬುದನ್ನು ಮಕ್ಕಳ ಮುಂದೆ ಹೇಳುವಂತಿಲ್ಲ. ನಗಬೇಡಿ, ಅವರಿಗೂ ನೆನಪಿದೆ. ಇಷ್ಟು ಹೊಗಳಿಸಿಕೊಳ್ಳಲು ನಾನು ಮನೆಯನ್ನೇ ಖಾಲಿ ಮಾಡಬೇಕಾಯಿತು.

ನನ್ನ ಕಣ್ಣು ಈಗಲೂ ಸುಮ್ಮನಿರುವುದಿಲ್ಲ. ಅಗೋ, ಆ ಮೂಲೆಯ ಕೆಂಪು ಬಕೆಟ್ಟಿನಲ್ಲಿ ಮರಳಿರಬೇಕಿತ್ತು. ಕಾಗದದ ಲೋಟಗಳಿವೆ. ಬೆಂಕಿ ಬಿದ್ದರೆ ಅದಕ್ಕೆ ಟೀ ಕೊಟ್ಟು ಸಮಾಧಾನ ಮಾಡುತ್ತೀರಾ? ಇರಲಿ, ಇವತ್ತು ಬೈಯುವುದಿಲ್ಲ ಎಂದು ನಿನ್ನೆಯೇ ಮಗಳಿಗೆ ಮಾತು ಕೊಟ್ಟಿದ್ದೇನೆ. ಅವಳು ಅಳಿಯನೊಂದಿಗೆ ಅಲ್ಲಿ ಕುಳಿತಿದ್ದಾಳೆ. ನಾಳೆ ಬೆಳಿಗ್ಗೆ ನನ್ನ ಮನೆಯ ಬೀಗದ ಕೈಯನ್ನು ಹೊಸಬರಿಗೆ ಒಪ್ಪಿಸಿ, ನಾನು ಮಗಳು ಅಳಿಯನ ಜೊತೆ ಹೊರಡುತ್ತೇನೆ. ತುಂಬು ಬಸುರಿ, ಪ್ರಯಾಣ ಬೇಡ ಎಂದರೂ ಕೇಳದೆ ಬಂದಿದ್ದಾಳೆ. ಯಾಕೆ ಬಂದಿದ್ದಾಳೆ ಎಂಬುದು ನನಗೆ ಗೊತ್ತು.

ನಾನು ನಿಮಗೆ ಕಲಿಸಿದ್ದಾದರೂ ಏನು? ದೊಡ್ಡ ವಿದ್ಯೆಯೇನಲ್ಲ. ಕುಡಿಯುವ ನೀರು ತುಂಬಿಡಿ, ಆಗಾಗ ಬದಲಿಸಿ ಎಂದೆ. ಟಾರ್ಚಿಗೆ ಮನೆಯಲ್ಲಿ ಒಂದೇ ಜಾಗವಿರಲಿ, ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗಬೇಕು ಎಂದೆ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಮುಟ್ಟಬೇಡಿ, ಕಿಟಕಿ ತೆಗೆಯಿರಿ ಎಂದೆ. ಮಂಚದ ಕೆಳಗೆ ಚಪ್ಪಲಿ ಇಟ್ಟುಕೊಳ್ಳಿ, ಕಿಟಕಿಯ ಗಾಜು ಒಡೆದು ಬಿದ್ದಿರುವಾಗ ಬರಿಗಾಲಲ್ಲಿ ಓಡುವವನು ಬಾಗಿಲ ತನಕ ಬರುವುದಿಲ್ಲ ಎಂದೆ. ಸಹಾಯ ಬರುತ್ತದೆ, ಸಭಿಕರೇ. ಬಂದೇ ಬರುತ್ತದೆ. ಆದರೆ ಅದು ಬರುವ ತನಕ ಇರುವ ಹೊತ್ತು ಯಾರದು? ಆ ಹೊತ್ತು ನಿಮ್ಮದು. ಆ ಹೊತ್ತಿನಲ್ಲಿ ನಿಮಗೆ ನೀವೇ ದಿಕ್ಕು.

ಇವೆಲ್ಲವನ್ನೂ ಯಾರು ಬೇಕಾದರೂ ಹೇಳಿಯಾರು. ನನ್ನದೇ ಎಂದು ಹೇಳಿಕೊಳ್ಳುವಂಥದ್ದು ಒಂದೇ ಒಂದಿದೆ. ಅದು ಹೆಸರು ಕೂಗುವುದು.

ನಾನು ಬಣ್ಣದ ಕಾರ್ಖಾನೆಯಲ್ಲಿ ಸುರಕ್ಷತೆಯ ಮೇಲ್ವಿಚಾರಕನಾಗಿದ್ದವನು. ಅಲ್ಲಿ ಒಮ್ಮೆ ಹೊಗೆ ಎದ್ದಿತು. ಸೈರನ್ ಕೂಗಿತು, ಎಲ್ಲರೂ ಹೊರಗೆ ಬಯಲಿಗೆ ಬಂದು ನಿಂತರು. ನನಗಿಂತ ಮುಂಚೆ ಆ ಕೆಲಸದಲ್ಲಿದ್ದ ಹಿರಿಯರು ಬೆರಳು ಮಾಡಿ ತಲೆ ಎಣಿಸಿದರು. ಲೆಕ್ಕ ಸರಿಹೋಯಿತು. ಬಾಗಿಲು ಹಾಕಿಸಿದರು. ಆದರೆ ಪಕ್ಕದ ಕಾರ್ಖಾನೆಯವನೊಬ್ಬ ಗಲಾಟೆ ನೋಡಲು ಬಂದು ನಮ್ಮವರ ನಡುವೆ ನಿಂತಿದ್ದ. ಲೆಕ್ಕ ಸರಿಯಾಗಿತ್ತು, ನಮ್ಮ ಬಾಯ್ಲರಿನವನು ಒಳಗೇ ಇದ್ದ. ಪುಣ್ಯಕ್ಕೆ ಬದುಕಿ ಬಂದ. ಆಸ್ಪತ್ರೆಯಲ್ಲಿ ಅವನು ನೋವು ಅನ್ನಲಿಲ್ಲ, ಉರಿ ಅನ್ನಲಿಲ್ಲ. ನನ್ನ ಮುಖ ನೋಡಿ ಕೇಳಿದ್ದು ಇಷ್ಟೇ: “ನನ್ನನ್ನ ಯಾರೂ ಕರೀಲೇ ಇಲ್ವಾ ಸಾರ್?”

ಅವತ್ತಿನಿಂದ ನಾನು ಕಣ್ಣಿನಿಂದ ಎಣಿಸುವುದನ್ನು ಬಿಟ್ಟೆ. ಕರೆಯಬೇಕು. ಕರೆಸಿಕೊಂಡವರು ‘ಇದ್ದೇನೆ’ ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲರೂ ಹೇಳಿದ ಮೇಲೆ, ಕರೆದವನು ‘ಮುಗೀತು, ಹೋಗಬಹುದು’ ಎನ್ನಬೇಕು. ಆ ಮಾತು ಬರುವ ತನಕ ನಿಂತವರು ನಿಂತಲ್ಲೇ, ಕೂತವರು ಕೂತಲ್ಲೇ. ಯಾರೂ ಅಲುಗಕೂಡದು. ಯಾಕೆ? ಒಬ್ಬ ಸುಮ್ಮನೆ ಮನೆಗೆ ಹೋದರೂ ಅವನನ್ನು ಹುಡುಕಲು ಇನ್ನೊಬ್ಬ ಬೆಂಕಿಗೆ ಇಳಿಯುತ್ತಾನೆ.

ಈ ಕ್ರಮವನ್ನು ನಾನು ಮನೆಗೂ ತಂದೆ. ನಮ್ಮ ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಉಗ್ರಾಣದ ಕೋಣೆಯಿದೆ, ನಿಮ್ಮೆಲ್ಲರ ಮನೆಯಲ್ಲೂ ಇದೆ. ಭಾನುವಾರ ಬೆಳಿಗ್ಗೆ ನಾನು ಮೇನ್ ಸ್ವಿಚ್ ತೆಗೆದು ಸೀಟಿ ಊದುತ್ತಿದ್ದೆ. ಹೆಂಡತಿ ಗ್ಯಾಸ್ ಮುಚ್ಚಿ ಬರಬೇಕು, ಮಗಳು ನೀರು ಮತ್ತು ಟಾರ್ಚು ತರಬೇಕು. ಒಳಗೆ ಸೇರಿ ಬಾಗಿಲು ಹಾಕಿದರೆ ಕಣ್ಣಿಗೆ ಬೆರಳಿಟ್ಟು ತಿವಿದರೂ ಕಾಣದಂಥ ಕತ್ತಲೆ. ಆ ಕತ್ತಲೆಯಲ್ಲಿ ನಾನು ಕರೆಯುತ್ತಿದ್ದೆ.

“ಪುಟ್ಟೀ?”

“ಇದೀನಪ್ಪ.”

“ಏನೇ, ಇದೀಯಾ?”

“ಇದೀನ್ರೀ. ಎಲ್ಲಿಗ್ ಹೋಗ್ಲಿ?”

ಪ್ರತಿ ಸಲವೂ ಅದೇ ಉತ್ತರ. ‘ಇದೀನಿ’ ಅಂದರೆ ಸಾಕು ಕಣೇ, ಬಾಲಂಗೋಚಿ ಬೇಡ ಎಂದು ನಾನು ರೇಗುತ್ತಿದ್ದೆ. ಅವಳು ಕಿಸಕ್ಕನೆ ನಗುತ್ತಿದ್ದಳು. ನನ್ನ ಸೀಟಿಯನ್ನು, ನನ್ನ ಟಾರ್ಚನ್ನು, ಎಲ್ಲವನ್ನೂ ಗೇಲಿ ಮಾಡುತ್ತಿದ್ದಳು. ಆದರೆ ಸಭಿಕರೇ, ‘ಹೋಗಬಹುದು’ ಎಂಬ ಮಾತು ಬರದೆ ಅವಳು ಎಂದೂ ಏಳುತ್ತಿರಲಿಲ್ಲ. ಒಮ್ಮೆ ಅಭ್ಯಾಸದ ನಡುವೆ ಫ್ಯೂಸ್ ನೋಡಲು ಹೊರಗೆ ಹೋದವನು ಮೇಲಿನ ಮನೆಯವರ ಪಂಪಿನ ರಾಮಾಯಣ ಕೇಳುತ್ತ ನಿಂತುಬಿಟ್ಟೆ. ಮಗಳು ಎದ್ದು ಆಟಕ್ಕೆ ಹೋದಳು. ನಾನು ಮಧ್ಯಾಹ್ನ ಬಂದು ಬಾಗಿಲು ತೆಗೆದರೆ, ಇವಳು ಆ ಕತ್ತಲೆಯಲ್ಲಿ ಡಬ್ಬಕ್ಕೆ ಒರಗಿ ಕುಳಿತೇ ಇದ್ದಾಳೆ.

“ಅಯ್ಯೋ, ಎದ್ದು ಬರೋದಲ್ವೇನೇ?” ಎಂದೆ.

“ನೀವು ಹೇಳ್ಲಿಲ್ವಲ್ಲ ರೀ,” ಎಂದಳು.

ಗೇಲಿಗೆ ಕೂತಿದ್ದಳೋ, ನಿಜಕ್ಕೂ ಕೂತಿದ್ದಳೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅವಳು ಹೋದದ್ದು ನಿಮ್ಮಲ್ಲಿ ಹಳಬರಿಗೆ ಗೊತ್ತು. ಅದೂ ಒಂದು ಭಾನುವಾರ. ಅಭ್ಯಾಸದಲ್ಲಿ ಕರೆದೆ, ‘ಇದೀನ್ರೀ, ಎಲ್ಲಿಗ್ ಹೋಗ್ಲಿ’ ಎಂದಳು. ಎಂದವಳು ನನ್ನ ಭುಜಕ್ಕೆ ತಲೆ ಇಟ್ಟಳು. ಕತ್ತಲೆಯಲ್ಲಿ ಸಲಿಗೆ ಎಂದುಕೊಂಡೆ. ತಲೆ ಭಾರವಾಯಿತು. ಮೊದಲನೆಯ ಮಹಡಿಯವರು ಕುರ್ಚಿಯಲ್ಲಿ ಹೊತ್ತು ಇಳಿಸಿದಿರಿ, ನಿಮ್ಮ ಋಣ ನನ್ನ ಮೇಲಿದೆ. ಆಂಬುಲೆನ್ಸು ಬೇಗನೇ ಬಂತು. ನನ್ನ ಮನೆಯಲ್ಲಿ ಎಲ್ಲವೂ ಇತ್ತು; ನೀರಿತ್ತು, ಔಷಧಿಯಿತ್ತು, ಟಾರ್ಚಿತ್ತು. ಯಾವುದೂ ಬೇಕಾಗಲಿಲ್ಲ. ದಾರಿಯಲ್ಲೇ ಮುಗಿದುಹೋದಳು.

ಆ ಗಡಿಬಿಡಿಯಲ್ಲಿ ಅವತ್ತಿನ ಅಭ್ಯಾಸವನ್ನು ನಾನು ಮುಗಿಸಿರಲಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ತಾನೇ ನೆನಪಾಗುತ್ತದೆ?

ಇದನ್ನೆಲ್ಲ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆದರೂ ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳುತ್ತೇನೆ.

ಕೆಲವು ತಿಂಗಳು ಕಳೆದ ಮೇಲೆ ನಾನೂ ಮಗಳೂ ಮತ್ತೆ ಅಭ್ಯಾಸ ಶುರುಮಾಡಿದೆವು. ಮನೆಯಲ್ಲಿ ಒಂದು ಕ್ರಮ ಎಂಬುದು ಇದ್ದರೆ ಜೀವಕ್ಕೆ ಧೈರ್ಯ. ಬಾಗಿಲು ಹಾಕಿದೆ. ‘ಪುಟ್ಟೀ’ ಎಂದೆ, ‘ಇದೀನಪ್ಪ’ ಎಂದಳು. ನಾಲಗೆಗೆ ರೂಢಿ, ನೋಡಿ. ‘ಏನೇ, ಇದೀಯಾ’ ಎಂದುಬಿಟ್ಟೆ. ಎಂದಮೇಲೆ ನಾಲಗೆ ಕಚ್ಚಿಕೊಂಡೆ.

ಡಬ್ಬಗಳ ಕಡೆಯಿಂದ ಉತ್ತರ ಬಂತು.

“ಇದೀನ್ರೀ. ಎಲ್ಲಿಗ್ ಹೋಗ್ಲಿ?”

ನನ್ನ ಕಿವಿಯ ಭ್ರಮೆ ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಆದರೆ ಮಗಳ ಉಗುರು ನನ್ನ ತೋಳಿಗೆ ಇಳಿದಿತ್ತು. ಬಾಗಿಲು ತೆಗೆದು ಬೆಳಕಿನಲ್ಲಿ ನೋಡಿದರೆ ಡಬ್ಬಗಳ ಹೊರತು ಏನೂ ಇಲ್ಲ. ಮಗಳು ಅವತ್ತಿನಿಂದ ಆ ಕೋಣೆಗೆ ಕಾಲಿಡಲಿಲ್ಲ. ಮದುವೆಯಾಗಿ ಹೊರಡುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: “ಅಪ್ಪಾ, ಹೇಳ್ಬಿಡು. ಅಮ್ಮ ಕಾಯ್ತಾ ಇದಾಳೆ.”

ಹೇಳಲಿಲ್ಲ. ಹೇಳಿದರೆ ಎದ್ದು ಹೋಗುತ್ತಾಳೆ, ಅಲ್ಲವೇ? ಸೂಚನೆ ಕೊಟ್ಟರೆ ಪಾಲಿಸುವವಳು ಅವಳು. ಆಮೇಲಿನ ಭಾನುವಾರ ನಾನು ಯಾರನ್ನು ಕರೆಯಲಿ? ಪ್ರತಿ ವಾರವೂ ಬಾಗಿಲು ಹಾಕಿಕೊಂಡು ಕರೆದೆ, ಅವಳು ಓಗೊಟ್ಟಳು, ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಈ ಮುದುಕ ಭಾನುವಾರ ಯಾಕೆ ಅಷ್ಟು ಗೆಲುವಾಗಿರುತ್ತಾನೆ ಎಂದು ನೀವು ಕೇಳುತ್ತಿದ್ದಿರಲ್ಲ, ಇದೇ ಕಾರಣ.

ಈಚೆಗೆ ಉತ್ತರ ಬರಲು ತಡವಾಗುತ್ತಿದೆ. ದನಿಯಲ್ಲಿ ಮೊದಲಿನ ನಗುವಿಲ್ಲ. ಹೋದ ತಿಂಗಳು ಹೊಸದೊಂದು ಮಾತು ಬಂತು: “ಇನ್ನೂ ಎಷ್ಟೊತ್ತು ರೀ?” ಅದರ ಮುಂದಿನ ವಾರ: “ಕಾಲು ಮರಗಟ್ಟಿದೆ ರೀ.”

ಗಂಡನಾದವನು ಇದನ್ನು ಕೇಳಿಸಿಕೊಂಡು ಹೇಗಿರಬೇಕು, ಹೇಳಿ.

ನಾಳೆ ಆ ಮನೆಗೆ ಬೇರೆಯವರು ಬರುತ್ತಾರೆ. ಅವರು ಒಳ್ಳೆಯ ಜನ, ಅಲ್ಲಿ ಕುಳಿತಿದ್ದಾರೆ, ಅವರು ಹೆದರುವುದು ಬೇಡ. ಅವರಿಗೆ ಅವಳನ್ನು ಕರೆಯುವ ಬಗೆ ಗೊತ್ತಿಲ್ಲ. ಕರೆಯುವವರಿಲ್ಲದ ಕತ್ತಲೆಯಲ್ಲಿ, ಗುರುತಿಲ್ಲದವರ ಡಬ್ಬಗಳ ನಡುವೆ ಅವಳು ಕೂತೇ ಇರುತ್ತಾಳೆ. ಆದ್ದರಿಂದ ಇವತ್ತು ಬೆಳಿಗ್ಗೆ ಹೇಳಿಯೇಬಿಡೋಣ ಎಂದು ಗಟ್ಟಿಮನಸ್ಸು ಮಾಡಿ ಒಳಗೆ ಹೋದೆ. ಸಾಮಾನು ಸಾಗಿಸಿ ಕೋಣೆ ಬೋಳಾಗಿತ್ತು. ಕರೆದೆ. ‘ಇದೀನ್ರೀ’ ಎಂದಳು, ಅಷ್ಟೇ. ಮುಂದಿನದನ್ನು ಹೇಳುವ ತ್ರಾಣವಿರಲಿಲ್ಲ ಎಂದು ಕಾಣುತ್ತದೆ. ನಾನು ಬಾಯಿ ತೆರೆದೆ. ಬಂದ ಮಾತು ಯಾವುದು ಗೊತ್ತೇ? “ಸ್ವಲ್ಪ ಇರು ಕಣೇ, ಬಂದೆ.” ಹಾಗೆಂದು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಮಗಳು ಹಜಾರದಲ್ಲಿ ನಿಂತು ಕೇಳಿಸಿಕೊಂಡಿದ್ದಳು. ನನ್ನ ಜೊತೆ ಇನ್ನೂ ಮಾತಾಡಿಲ್ಲ.

ಇರಲಿ. ಕೊನೆಯದಾಗಿ ಒಂದು ಸಾಮೂಹಿಕ ಅಭ್ಯಾಸ ಮಾಡಿಸಿಕೊಡಿ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಹೇಗೂ ನೀವೆಲ್ಲ ಒಂದೆಡೆ ಸೇರಿದ್ದೀರಿ. ವಿದ್ಯುತ್ತಿನವರೇ, ಪರದೆಗಳೆಲ್ಲ ಇಳಿದಿವೆಯೇ? ದೀಪ ಆರಿಸಿ. ಮೈಕು ಇರಲಿ. ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದುಕೊಳ್ಳಿ. ಮೊಬೈಲಿನ ಬೆಳಕು ಬೇಡ. ಅಧ್ಯಕ್ಷರೇ, ನಿಮ್ಮದೂ ಸೇರಿಸಿ ಹೇಳಿದ್ದು.

ಮೊದಲನೆಯ ಮಹಡಿ? ಸರಿ. ಎರಡನೆಯ ಮಹಡಿ? ಏನು, ಊಟ ಮಾಡಿ ಬಂದಿಲ್ಲವೇ? ಇನ್ನೊಮ್ಮೆ, ಗಟ್ಟಿಯಾಗಿ. ಹಾಂ, ಹಾಗೆ. ಮೂರನೆಯ ಮಹಡಿ? ಸರಿ. ಮೇಲಿನ ಮಹಡಿ? ಸರಿ. ಪುಟ್ಟೀ? ಸರಿ ಕಂದ, ಕೇಳಿಸಿತು.

ಏನೇ, ಇದೀಯಾ?

ಕ್ಷಮಿಸಿ, ಸಭಿಕರೇ. ನಾಲಗೆಯ ರೂಢಿ. ಅವಳು ಮನೆಯಲ್ಲಿ ಆ ಕೋಣೆಯಲ್ಲಿ…

ಯಾರದು, ಹಿಂದಿನ ಸಾಲಿನಿಂದ ಮಾತಾಡಿದ್ದು?

ದೀಪ ಹಾಕಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ, ಯಾರೂ ಹಾಕಬೇಡಿ. ಹಿಂದಿನ ಸಾಲಿನ ತಾಯಂದಿರೇ, ಪಕ್ಕಕ್ಕೆ ತಿರುಗಿ ನೋಡಬೇಡಿ, ಅವಳು ಯಾರಿಗೂ ಏನೂ ಮಾಡುವವಳಲ್ಲ. ಪುಟ್ಟೀ, ಕೂತ್ಕೋಮ್ಮ. ನಿನಗೂ ಕೇಳಿಸಿತಲ್ಲ. ನಿಮಗೂ ಕೇಳಿಸಿತು, ಇಲ್ಲದಿದ್ದರೆ ಇಷ್ಟು ಜನರಿರುವ ಸಭೆ ಹೀಗೆ ಉಸಿರು ಹಿಡಿದು ಕೂರುವುದಿಲ್ಲ.

ಹಾಗಾದರೆ ಅವಳು ಆ ಕೋಣೆಯಲ್ಲಿ ಕುಳಿತವಳಲ್ಲ. ಕರೆಯುವವನ ಬಳಿ ಕುಳಿತವಳು. ನಾನು ಎಲ್ಲಿ ಹೋಗಿ ಕರೆದರೂ ಅಲ್ಲಿಗೆ ಬರುತ್ತಾಳೆ. ಮನೆ ಬಿಟ್ಟುಕೊಟ್ಟರೂ ಅವಳನ್ನು ಬಿಡಬೇಕಾಗಿಲ್ಲ. ಮಗಳ ಮನೆಯಲ್ಲೂ ಒಂದು ಬಾಗಿಲು ಹಾಕಿಕೊಂಡು ಕರೆಯಬಹುದು. ಮುಚ್ಚುಮರೆ ಏಕೆ, ಸಭಿಕರೇ, ಆಸೆಯಾಗುತ್ತಿದೆ. ತುಂಬಾ ಆಸೆಯಾಗುತ್ತಿದೆ. ಇನ್ನೊಂದು ಭಾನುವಾರ. ಅದರ ಮೇಲೆ ಇನ್ನೊಂದು.

ಆದರೆ ಅವಳು ಈಗ ಹೇಳಿದ್ದು ನಿಮಗೂ ಕೇಳಿಸಿತಲ್ಲವೇ? “ಸುಸ್ತಾಗಿದೆ ರೀ,” ಎಂದಳು. ನನ್ನ ಜೊತೆ ಬಾಳಿದಷ್ಟು ದಿನವೂ ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ.

ಸರಿ ಕಣೇ.

ಎಲ್ಲರೂ ಓಗೊಟ್ಟಿದ್ದಾರೆ. ಯಾರೂ ಬಾಕಿಯಿಲ್ಲ. ಪುಟ್ಟಿ ಚೆನ್ನಾಗಿದ್ದಾಳೆ, ನಾನೂ ಇದ್ದೇನೆ.

ಮುಗೀತು. ಹೋಗಬಹುದು.

ಬಾಗಿಲ ಬಳಿ ಕುಳಿತವರು ಕಾಲನ್ನು ಸ್ವಲ್ಪ ಒಳಗೆ ಎಳೆದುಕೊಳ್ಳಿ. ಕತ್ತಲೆ ಅವಳಿಗೆ ರೂಢಿಯಿದೆ, ಆದರೆ ಕಾಲು ಮರಗಟ್ಟಿದೆ, ನಿಧಾನವಾಗಿ ನಡೆಯುತ್ತಾಳೆ. ಹಾಗೇ, ದಾರಿ ಬಿಡಿ. ಇನ್ನೂ ಸ್ವಲ್ಪ.

ಈಗ ದೀಪ ಹಾಕಿ.

ಬಾಗಿಲು ತೆಗೆದೇ ಇದೆ. ಹಾಕುವುದು ಬೇಡ. ಇಷ್ಟು ಹೊತ್ತು ಕೂತು ಕೇಳಿದಿರಿ, ಕತ್ತಲೆಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ, ಕಣ್ಣಿಗೆ ಕಾಣದವಳಿಗೆ ದಾರಿ ಬಿಟ್ಟಿರಿ. ಅದಕ್ಕಾಗಿ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.