ಬಾಗಿಲ ಚೌಕಟ್ಟಿನ ಗೆರೆಗಳು

ಬಣ್ಣದಂಗಡಿಯಲ್ಲಿ ವಾರ್ನಿಶ್‌ಗೆ ಕಾಯುತ್ತಿದ್ದ ಬಡಗಿಗೆ ಕದ್ದು ಕೇಳುವ ಚಾಳಿಯಿರಲಿಲ್ಲ. ಆದರೆ ಎದುರಿಗೇ ನಿಂತ ಗಂಡ ಹೆಂಡತಿ ಮಾತಾಡುವಾಗ ಕಿವಿಗೆ ಚಿಲಕ ಹಾಕಲಾದೀತೆ?

"ಬಾಗಿಲ ಚೌಕಟ್ಟಿಗೂ ಎರಡು ಕೋಟ್ ಹೊಡೆಸಿದ್ರೆ ಮನೆಗೆ ಒಳ್ಳೇ ಬೆಲೆ ಬರುತ್ತಂತೆ. ಬ್ರೋಕರ್ ಹೇಳಿದ," ಎಂದ ಗಂಡ.

"ಚೌಕಟ್ಟು ಬಿಡ್ರೀ. ಮಗಳ ಎತ್ತರ ಅಳೆದ ಗೆರೆಗಳಿವೆ ಅಲ್ಲಿ."

"ಅವಳು ತೀರಿಹೋಗಿ ಮೂರು ವರ್ಷ ಆಯ್ತು. ಅಲ್ಲೇ ಇದ್ರೆ ನೀನು ಸುಧಾರಿಸಲ್ಲ ಅಂತಾನೇ ಮಾರ್ತಿರೋದು."

"ನನಗೋಸ್ಕರವಾ? ನಾನು ನಿಮಗೋಸ್ಕರ ಒಪ್ಪಿದ್ದು."

"ನನಗೇನಾಗಿದೆ?"

"ಈಗಲೂ ಅವಳ ಪ್ರತಿ ಹುಟ್ಟುಹಬ್ಬಕ್ಕೂ ಹೊಸ ಗೆರೆ ಎಳೀತೀರಲ್ಲ. ನೋಡಿಯೂ ನೋಡದ ಹಾಗಿದ್ದೆ."

"ನಾನಾ? ಅದು ನೀನು ಎಳೆಯೋದು ಅಲ್ವಾ?"

"ಅವಳು ಹೋದ ಮೇಲೆ ನಾನು ಆ ಚೌಕಟ್ಟು ಮುಟ್ಟಿಲ್ಲ ರೀ."

ಬಡಗಿ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಮೆಲ್ಲಗೆ ತೆಗೆದು ಜೇಬಿಗಿಟ್ಟುಕೊಂಡ.

ಅಂಗಡಿಯವನು ಬಣ್ಣದ ಡಬ್ಬ ಮುಂದೆ ತಳ್ಳಿದ. ಅದನ್ನು ಇಬ್ಬರೂ ಮುಟ್ಟಲಿಲ್ಲ.

"ಕೊನೇ ಗೆರೆ ಎಲ್ಲಿವರೆಗಿದೆ?" ಗಂಡ ತಗ್ಗಿದ ದನಿಯಲ್ಲಿ ಕೇಳಿದ.

"ನನ್ನ ಭುಜಕ್ಕೆ ಬಂದಿದ್ದಾಳೆ."

"ಹುಟ್ಟುಹಬ್ಬ ನಾಳೆ ಅಲ್ವಾ?"

"ಹೂಂ."

"ನಡಿ, ಮನೆಗೆ ಹೋಗೋಣ."

ಡಬ್ಬವನ್ನು ಅಲ್ಲೇ ಬಿಟ್ಟು ಹೊರಟರು. ಗಂಡ ಅಂಗಡಿಯ ಗಾಜಿನ ಬಾಗಿಲು ತೆರೆದು ಹಿಡಿದ. ಹೆಂಡತಿ ದಾಟಿದಳು. ಆಮೇಲೂ ಅವನು ಇನ್ನೊಬ್ಬರು ದಾಟುವಷ್ಟು ಹೊತ್ತು ಅದನ್ನು ಹಿಡಿದೇ ನಿಂತಿದ್ದು, ನಂತರ ಬಿಟ್ಟ.