ಕಿಡ್ನಿಯ ಪರವಾಗಿ ಎರಡು ಮಾತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಷ್ಟು ಹೊತ್ತು ನನ್ನ ಗಂಡನನ್ನು ಹೊಗಳಿದ ಮುಖ್ಯ ಅತಿಥಿಗಳೇ, ಮುದ್ರಣಾಲಯದ ಎಲ್ಲ ವಿಭಾಗಗಳ ಬಂಧುಗಳೇ, ಹಿಂದಿನ ಸಾಲಿನಲ್ಲಿ ಊಟಕ್ಕೆ ಕಾಯುತ್ತಿರುವ ಸಭಿಕರೇ,

ಹೃದಯಾಘಾತವನ್ನು ಗೆದ್ದು ಮತ್ತೆ ಯಂತ್ರದ ಮುಂದೆ ನಿಂತ ಫೋರ್‌ಮನ್ ಎಂದು ಇವರನ್ನು ಸನ್ಮಾನಿಸುತ್ತಿದ್ದೀರಿ. ಮನೆಯವರ ಪರವಾಗಿ ಎರಡು ಮಾತಾಡಿ ಎಂದು ನನ್ನನ್ನೂ ಕರೆದಿದ್ದೀರಿ. ಸಂತೋಷ. ಉಕ್ಕಿನ ಹೃದಯ ಎಂದರು ಒಬ್ಬರು, ಚಿನ್ನದ ಹೃದಯ ಎಂದರು ಇನ್ನೊಬ್ಬರು. ಕಿಡ್ನಿಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚುವುದಾದರೂ ಹೇಗೆ? ಇವರು ನಿಮಗೆ ಹೇಳಿಯೇ ಇಲ್ಲ. ಹೊರಡುವಾಗ ನನಗೂ ತಾಕೀತು ಮಾಡಿದರು: "ನೋಡೇ, ಹಾರ್ಟ್ ಅಂದ್ರೆ ಜನ ಎದ್ದು ನಿಲ್ತಾರೆ. ಕಿಡ್ನಿ ಅಂದ್ರೆ ಉಚ್ಚೆ ವಿಷ್ಯ. ಅದನ್ನೆಲ್ಲ ಮೈಕಲ್ಲಿ ಹೇಳ್ಬೇಡ."

ಹೇಳುತ್ತಿದ್ದೇನೆ.

ಅವತ್ತು ಇವರು ಎದೆ ಹಿಡಿದುಕೊಂಡು ಯಂತ್ರದ ಪಕ್ಕ ಕುಸಿದಾಗ ಆಸ್ಪತ್ರೆಗೆ ಹೊತ್ತು ತಂದವರು ನೀವೇ. ಆ ಋಣ ದೊಡ್ಡದು. ಅಲ್ಲಿ ವೈದ್ಯರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ ಅಂತ ಕಾಣ್ಬೇಕಾದ್ರೆ ಒಳಗೆ ಡೈ, ಅದೇ ಎಕ್ಸ್‌ರೇಲಿ ಕಾಣೋ ದ್ರವ, ಬಿಡ್ಬೇಕು. ಇವರಿಗೆ ಶುಗರ್ ಬೇರೆ ಇದೆ, ಕಿಡ್ನಿಗೆ ಪೆಟ್ಟಾಗಬಹುದು. ಆದ್ರೆ ಕಾಯೋಕೆ ಟೈಮಿಲ್ಲಮ್ಮ." ಮಾಡಿ ಎಂದೆ. ಹೃದಯ ಉಳಿಯಿತು. ಆಮೇಲೆ ಮೂತ್ರ ಕಡಿಮೆಯಾಯಿತು, ಪಾದ ಊದಿಕೊಂಡಿತು. ಹೃದಯದ ವೈದ್ಯರು ಬಂದು "ಫಸ್ಟ್ ಕ್ಲಾಸ್" ಎಂದು ಹೋಗುವರು. ಕಿಡ್ನಿಯ ವೈದ್ಯರು ಬಂದು ಮೂತ್ರದ ಚೀಲ ಎತ್ತಿ ನೋಡಿ ಇನ್ನೊಂದು ಪರೀಕ್ಷೆ ಬರೆದು ಹೋಗುವರು. ಒಬ್ಬನೇ ಮನುಷ್ಯ, ಎರಡು ಫಲಿತಾಂಶ!

ಇವರ ಅಕ್ಕ ಈಗಲೂ ಕೇಳುತ್ತಾರೆ: "ಡೈ ಬೇಡ ಅಂತ ಒಂದ್ ಮಾತು ಹೇಳೋಕೆ ನಿಂಗೇನಾಗಿತ್ತು?" ಹೇಳಿದ್ದರೆ ಇವತ್ತು ನೀವು ಸನ್ಮಾನಕ್ಕಲ್ಲ, ಸಂತಾಪಕ್ಕೆ ಸೇರಿರುತ್ತಿದ್ದಿರಿ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಸೊಪ್ಪು ಬಿಡಿಸುವಾಗ, ಬಸ್ಸಿಗೆ ಕಾಯುವಾಗ ಅದೇ ಪ್ರಶ್ನೆಯನ್ನು ನಾನೂ ಕೇಳಿಕೊಳ್ಳುತ್ತೇನೆ. ಗೊತ್ತಿರುವುದು ಬೇರೆ, ಸಮಾಧಾನ ಬೇರೆ, ಅಲ್ಲವೇ?

ಕಿಡ್ನಿ ಚೇತರಿಸಿಕೊಂಡಿದೆ, ಪೂರ್ತಿ ಅಲ್ಲ. ವೈದ್ಯರು ಕೈಮುಗಿಯುವುದೊಂದು ಬಾಕಿ: "ಇನ್ನೊಂದು ಪೆಟ್ಟು ತಡೆಯಲ್ಲ, ಡಯಾಲಿಸಿಸ್ಸಿಗೆ ಹೋಗ್ಬಿಡುತ್ತೆ. ನೋವಿನ ಮಾತ್ರೆ ಮಾತ್ರ ಮುಟ್ಟಬೇಡಿ." ಇವರು ತಲೆಯಾಡಿಸಿದರು. ಇವರ ತಲೆ ಬಹಳ ಸಲೀಸಾಗಿ ಆಡುತ್ತದೆ.

ಆದರೆ ಇವರದು ದಿನವಿಡೀ ನಿಂತೇ ಮಾಡುವ ಕೆಲಸ, ಮಂಡಿ ನೋವು. ನಿಮ್ಮ ಬೈಂಡಿಂಗ್ ವಿಭಾಗದ ಮೇಜಿನ ಡ್ರಾಯರಿನಲ್ಲಿ ಒಂದು ಡಬ್ಬಿ ಇದೆ. ನಗಬೇಡಿ, ನನಗೆ ಗೊತ್ತು. ಯಾರ ಸೊಂಟ ಹಿಡಿದರೂ ಅದೇ ಡಬ್ಬಿ, ಯಾರ ಕತ್ತು ಉಳುಕಿದರೂ ಅದೇ ಡಬ್ಬಿ. "ತಗೋ ಗುರುವೇ, ಅರ್ಧ ಗಂಟೇಲಿ ಕುಣೀತೀಯ!" ಪ್ರೀತಿಯಿಂದಲೇ ಕೊಡುತ್ತೀರಿ. ಅದೇ ನನ್ನ ಕಷ್ಟ. ದ್ವೇಷದಿಂದ ಕೊಟ್ಟಿದ್ದರೆ ಬಂದು ಜಗಳವಾಡುತ್ತಿದ್ದೆ. ಇವರನ್ನು ಕೇಳಿದರೆ, "ಹಾರ್ಟಿಗೇನೂ ಆಗಲ್ಲ ಬಿಡೇ" ಎನ್ನುತ್ತಾರೆ. ಅದೂ ಸುಳ್ಳು. ಅದಿರಲಿ, ಮೈಯಲ್ಲಿ ಇರುವುದು ಹೃದಯವೊಂದೇ ಏನು?

ಈಗಲೂ ಇವರ ಜೇಬಿನಲ್ಲಿ ಆ ನೋವಿನ ಮಾತ್ರೆಯ ಒಂದು ಸ್ಟ್ರಿಪ್ ಇದೆ. ಬೆಳಿಗ್ಗೆ ಇಟ್ಟುಕೊಂಡದ್ದನ್ನು ಕನ್ನಡಿಯಲ್ಲಿ ಕಂಡೆ. ಕಿತ್ತುಕೊಳ್ಳಲಿಲ್ಲ, ಕಿತ್ತುಕೊಂಡರೆ ಡಬ್ಬಿಯಿಂದ ಇನ್ನೊಂದು ಬರುತ್ತದೆ. ತುಂಬಿದ ಸಭೆಯಲ್ಲಿ ಗಂಡನ ಜೇಬು ಝಾಡಿಸುವುದು ಸರಿಯೇ? ನನಗೂ ಅನುಮಾನವಿದೆ. ಆದರೆ ಈ ಅನುಮಾನವನ್ನು ಡಯಾಲಿಸಿಸ್ ಕೋಣೆಯ ಮುಂದೆ ಕೂತು ಪಡುವುದಕ್ಕಿಂತ ಇಲ್ಲೇ ಪಡುವುದು ಮೇಲು.

ರೀ, ಅಧ್ಯಕ್ಷರು ಸ್ಮರಣಿಕೆ ಹಿಡಿದು ಎದ್ದಿದ್ದಾರೆ. ಅದಕ್ಕೆ ಎರಡೂ ಕೈ ಬೇಕು. ಮೊದಲು ಜೇಬಿನದನ್ನು ಈ ಮೇಜಿನ ಮೇಲಿಡಿ.

ಆ ಜೇಬಲ್ಲ. ಪ್ಯಾಂಟಿನದು.

ಹೂಂ.

ಬೈಂಡಿಂಗ್ ವಿಭಾಗದ ಅಣ್ಣ ಎದ್ದು ಹೊರಟೇಬಿಟ್ಟಿರಿ. ಡಬ್ಬಿ ತರಲಿಕ್ಕಾದರೆ ಬೇಗ ಬನ್ನಿ, ಊಟ ಆರುತ್ತದೆ. ಉಳಿದವರೆಲ್ಲ ಇಷ್ಟು ಹೊತ್ತು ಹೃದಯಕ್ಕೆ ಚಪ್ಪಾಳೆ ತಟ್ಟಿದಿರಿ. ಇದೊಂದನ್ನು ಕಿಡ್ನಿಗೆ ತಟ್ಟಿಬಿಡಿ. ಕೇಳಿಸಿಕೊಂಡದ್ದಕ್ಕೆ ನಿಮಗೂ, ಕೊನೆಗೂ ಕೊಟ್ಟದ್ದಕ್ಕೆ ಇವರಿಗೂ ಧನ್ಯವಾದ. ನಮಸ್ಕಾರ.